ಕೊರತೆ ಮೊದಲು

ಆಲಸನತ್ತದ ದ್ವಾರಕಾನಾಥ ಮೇಷ್ಟ್ರ ಮನೆಯಲ್ಲಿ ಭಾನುವಾರದ ಊಟ ಮುಗಿಯಿತೆಂದರೆ ಅರ್ಜಿ ಓದುವ ಹೊತ್ತು ಬಂತೆಂದು ಅರ್ಥ. ರಾಧಮ್ಮ ತಟ್ಟೆ ಎತ್ತಿ, ನೆಲ ಸಾರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡಿಗೆಮನೆಯ ಬಾಗಿಲಿಗೆ ಬರುವುದಕ್ಕೂ ಮೇಷ್ಟ್ರು ಕನ್ನಡಕ ಏರಿಸಿ ಗಂಟಲು ಸರಿಮಾಡಿಕೊಳ್ಳುವುದಕ್ಕೂ ಸರಿಹೋಗುತ್ತಿತ್ತು. ವಾರದಲ್ಲಿ ಬರೆದ ಅರ್ಜಿಯನ್ನು ಮೊದಲು ಇಂಗ್ಲಿಷಿನಲ್ಲಿ ಓದುವರು, ಆಮೇಲೆ ಕನ್ನಡದಲ್ಲಿ ಅರ್ಥ ಹೇಳುವರು. ತಮಿಳುನಾಡಿನ ಗಡಿಯೂರು ಹೊಸೂರಿನ ಹೈಸ್ಕೂಲಿನಲ್ಲಿ ಜನ್ಮವಿಡೀ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ನೌಕರಿ ಮುಗಿದರೂ ಕ್ಲಾಸಿನ ಚಟ ಮುಗಿದಿರಲಿಲ್ಲ. ಈಗ ಕ್ಲಾಸಿಗೆ ಉಳಿದಿದ್ದವರು ಹೆಂಡತಿ, ತಾಯಿ, ಮಗ, ಮಗಳು. ಯಾರೂ ಎದ್ದು ಹೋಗುವಂತಿರಲಿಲ್ಲ.

ಬೇರಿಕೆ, ಸಾನಮಾವು ಕಡೆಯ ರೈತರೆಲ್ಲ ಅವರ ಹತ್ತಿರವೇ ಅರ್ಜಿ ಬರೆಸುತ್ತಿದ್ದರು. ಮೇಷ್ಟ್ರು ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ಕುಂಬಳಕಾಯಿಯನ್ನೋ ಮಡಿಲು ತುಂಬ ಅವರೆಕಾಯಿಯನ್ನೋ ಜಗಲಿಯ ಮೇಲಿಟ್ಟು ಹೋದರೆ ನೋಡದವರಂತೆ ಇದ್ದುಬಿಡುತ್ತಿದ್ದರು. ಅವರೆ ಸುಲಿಯುವ ಕೆಲಸ ಮಾತ್ರ ರಾಧಮ್ಮನದು.

ಅರ್ಜಿಗೆ ಅವರದೊಂದು ನೇಮವಿತ್ತು. ಕೊರತೆ ಮೊದಲು, ಯೋಗ್ಯತೆ ಆಮೇಲೆ. ಕೇಳುವವನು ತನ್ನಲ್ಲಿರುವ ತಪ್ಪನ್ನು ತಾನೇ ಮೊದಲು ಹೇಳಿಕೊಂಡುಬಿಟ್ಟರೆ ಕೊಡುವವನಿಗೆ ಅವನ ಮೇಲೆ ನಂಬಿಕೆ ಹುಟ್ಟುತ್ತದೆ ಅನ್ನುವುದು ಅವರ ಸಿದ್ಧಾಂತ. ಸಾನಮಾವಿನ ತಿಮ್ಮರಾಯಪ್ಪನ ರಾಗಿ ಹೊಲವನ್ನು ಆನೆ ತುಳಿದು ಹಾಕಿದಾಗ ಹಾಗೇ ಬರೆದಿದ್ದರು: ‘ನನ್ನ ಹೊಲ ಆನೆಗಳು ಓಡಾಡುವ ದಾರಿಯಲ್ಲೇ ಇದೆಯೆಂದು ಮೊದಲಿಗೇ ಒಪ್ಪಿಕೊಳ್ಳುತ್ತೇನೆ.’ ಉಳಿದ ರೈತರ ಅರ್ಜಿಗಳೆಲ್ಲ ಎಲ್ಲೋ ಕಟ್ಟಿನಲ್ಲಿ ಕೊಳೆತವು, ತಿಮ್ಮರಾಯಪ್ಪನಿಗೆ ಪರಿಹಾರ ಬಂತು. ಆವತ್ತಿನಿಂದ ಮೇಷ್ಟ್ರನ್ನು ಹಿಡಿಯುವವರೇ ಇಲ್ಲ.

ಓದಿದ ಮೇಲೆ ರಾಧಮ್ಮ ಕಾಗದದ ನಾಲ್ಕು ಮೂಲೆಗೂ ಅರಿಶಿನ ಮುಟ್ಟಿಸಿ ದೇವರ ಮುಂದಿಡಬೇಕು. ಸೋಮವಾರ ಅದು ಟಪಾಲಿಗೆ ಹೋಗುತ್ತಿತ್ತು.

ಸಿಪ್ಕಾಟ್ ಎಂಬ ಸರ್ಕಾರಿ ಕೈಗಾರಿಕಾ ಪ್ರದೇಶ ಬಂದು ಊರಿನ ಸುತ್ತ ಕಾರ್ಖಾನೆಗಳು ಏಳತೊಡಗಿದ ಮೇಲೆ ಭಾನುವಾರ ಓದುತ್ತಿದ್ದದ್ದು ಹೆಚ್ಚಾಗಿ ಮಗಳು ಅಲಮೇಲುವಿನ ಕೆಲಸದ ಅರ್ಜಿಯೇ. ಎಸ್‌ಎಸ್‌ಎಲ್‌ಸಿ ಆಗಿತ್ತು. ಇಂಗ್ಲಿಷ್, ತಮಿಳು ಎರಡರಲ್ಲೂ ಟೈಪಿಂಗ್ ಹೈಯರ್ ಪಾಸು ಮಾಡಿದ್ದಳು. ಮದುವೆಯ ಮಾತು ಎರಡು ಮೂರು ಕಡೆ ಬಂದು ಬಾಗಿಲಲ್ಲೇ ತಿರುಗಿ ಹೋಗಿ, ಈಗ ಅದನ್ನು ಎತ್ತುವವರೂ ಇರಲಿಲ್ಲ. ಕೆಲಸವೊಂದು ಸಿಕ್ಕಿದರೆ ಹುಡುಗಿ ನಾಳೆ ಅಣ್ಣ ಅತ್ತಿಗೆಯ ಕೈ ನೋಡಿಕೊಂಡು ಇರಬೇಕಾಗಿಲ್ಲ. ರಾಧಮ್ಮನಿಗೆ ಹಗಲೂ ರಾತ್ರಿ ಅದೇ ಯೋಚನೆ. ಮೇಷ್ಟ್ರು ಕಾರ್ಖಾನೆಯಿಂದ ಕಾರ್ಖಾನೆಗೆ ಅರ್ಜಿ ಬರೆದರು. ಪ್ರತಿಯೊಂದರ ಮೊದಲ ವಾಕ್ಯವೂ ಒಂದೇ.

“ಐ ಬೆಗ್ ಟು ಸ್ಟೇಟ್ ಅಟ್ ದಿ ಔಟ್‌ಸೆಟ್ ದಟ್ ಮೈ ಲೆಫ್ಟ್ ಲೆಗ್...”

ಆಮೇಲೆ ಕನ್ನಡದಲ್ಲಿ ಅರ್ಥ: “ಬಾಲ್ಯದಲ್ಲಿ ಬಂದ ಜ್ವರದಿಂದ ನನ್ನ ಎಡಗಾಲು ಸೊರಗಿದೆಯೆಂದು ಮೊದಲಿಗೇ ಅರಿಕೆ ಮಾಡಿಕೊಳ್ಳುತ್ತೇನೆ.”

ಆ ವಾಕ್ಯ ಬರುವ ಹೊತ್ತಿಗೆ ಅಲಮೇಲು ಮೊರ ಹತ್ತಿರಕ್ಕೆ ಎಳೆದುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸತೊಡಗುತ್ತಿದ್ದಳು, ಆಗಲೇ ಆರಿಸಿಟ್ಟ ಅಕ್ಕಿಯನ್ನೇ. ಒಂದು ಕಾರ್ಖಾನೆಯೂ ಕರೆಯಲಿಲ್ಲ.

ಬೇರೆ ಕಡೆ ಬರೆಸುವ ಮಾತು ಎತ್ತಿದವನು ಮಗ ಗೋಪೀನಾಥ. ಅವನೊಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ಅಪ್ಪನ ಅರ್ಜಿಯಿಂದಲ್ಲ, ಸ್ನೇಹಿತನೊಬ್ಬನ ಕೈ ಹಿಡಿದು ಒಳಗೆ ಹೋದವನು. ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

“ಬಸ್‌ಸ್ಟ್ಯಾಂಡ್ ಹತ್ರ ವೆಂಕಟಸ್ವಾಮಿ ಅಂತ ಒಬ್ರು ಆಫೀಸ್ ಇಟ್ಟವ್ರೆ,” ಅಂದ, ಮುದ್ದೆ ಮುರಿಯುತ್ತ. “ಬೆಂಗ್ಳೂರಲ್ಲಿ ದೊಡ್ಡ ಕಾರ್ಖಾನೇಲಿ ಆಳುಗಳ್ನ ತಗೊಳ್ಳೋ ಸೆಕ್ಷನ್ನಲ್ಲೇ ಇದ್ದೋರು. ಬಯೋಡೇಟಾ ಬರ್ಕೊಡ್ತಾರೆ. ನಮ್ ಫ್ಯಾಕ್ಟ್ರಿಗೆ ಸೇರಿರೋ ಎಷ್ಟೋ ಜನ ಅವ್ರ ಹತ್ರಾನೇ ಬರೆಸಿರೋದು. ಅಲಮೇಲೂಗೂ ಬರೆಸೋಣ.”

ಮೇಷ್ಟ್ರು ಹುರುಳಿ ಸಾರಿನಲ್ಲಿ ಅದ್ದಿದ ಕೈಯನ್ನು ಹಾಗೇ ನಿಲ್ಲಿಸಿದರು. “ಅದೇನು ಬರೀತಾನೆ? ಅವ್ನ ಇಂಗ್ಲಿಷ್ ಬೇರೇನಾ?”

“ಇಂಗ್ಲಿಷ್ ಅಲ್ಲಪ್ಪ. ಬರೆಯೋ ಕ್ರಮ ಬೇರೆ. ಕಾಲಿನ ವಿಷ್ಯ ಬರೆಯಲ್ಲ.”

“ಅಂದ್ರೆ ಸುಳ್ಳು.”

“ಬರೀದೆ ಇದ್ರೆ ಸುಳ್ಳು ಹೆಂಗಾಯ್ತದೆ? ಟೈಪ್ ಮಾಡೋದು ಕೈಯಲ್ಲಿ. ಕಾಲಲ್ಲಲ್ಲ.”

“ತಿಮ್ಮರಾಯಪ್ಪಂಗೆ ಪರಿಹಾರ ಬಂದಿದ್ದು ಯಾಕೆ ಹೇಳು ನೋಡೋಣ?”

“ಅಲ್ಲಿ ತಪ್ಪು ಆನೇದಪ್ಪ,” ಗೋಪಿಯ ದನಿ ಏರಿತು. “ಇವ್ಳು ನಿಮ್ ಮಗ್ಳು.”

ಚೆಲುವಮ್ಮ, ಮೇಷ್ಟ್ರ ತಾಯಿ, ಗೋಡೆಗೊರಗಿ ಕೂತು ಮಜ್ಜಿಗೆ ಅನ್ನ ಕಲೆಸುತ್ತಿದ್ದರು. “ಸುಮ್ಕಿರ್ಲಾ. ಊರಿಗೆಲ್ಲ ಬರ್ಕೊಡೋ ಮನೆಯೋರು ಇನ್ನೊಬ್ಬನ ಅಂಗಡಿ ಮುಂದೆ ಹೋಗಿ ನಿಂತ್ಕೊಂಡ್ರೆ ನೋಡ್ದೋರು ಏನಂತಾರೆ ಕಣ್ಲಾ?” ಅಂದರು.

“ನೋಡ್ದೋರು ಕೆಲ್ಸ ಕೊಡಲ್ಲ ಅಜ್ಜಿ.”

ಮೇಷ್ಟ್ರು ಅರ್ಧ ಊಟಕ್ಕೇ ಕೈ ತೊಳೆದರು. ಮೂವತ್ತು ವರ್ಷ ಒಟ್ಟಿಗೆ ಬಾಳಿದ ಗಂಡ ಹಾಗೆ ಎದ್ದು ಹೋದದ್ದನ್ನು ರಾಧಮ್ಮ ಎಂದೂ ನೋಡಿರಲಿಲ್ಲ. ಅವಳಿಗೆ ಮಗನ ಮೇಲೆ ಸಿಟ್ಟು ಬಂತು, ಅವನು ಹೇಳಿದ್ದು ನಿಜವೆಂದು ಇನ್ನೂ ಸಿಟ್ಟು ಬಂತು. ಅಲಮೇಲು ಮಾತ್ರ ಎಲ್ಲರ ತಟ್ಟೆ ಎತ್ತಿಕೊಂಡು, ಒಂದು ಕೈ ಮೊಣಕಾಲ ಮೇಲೂರಿ ನಡೆಯುತ್ತ, ಬಚ್ಚಲಿಗೆ ಹೋದಳು.

ಆಮೇಲಿನ ದಿನಗಳಲ್ಲಿ ಮನೆ ಮುಖ ಊದಿಸಿಕೊಂಡು ಕೂತಿತು. ಅಪ್ಪ ಮಗನಿಗೆ ಹೇಳಬೇಕಾದದ್ದನ್ನು ರಾಧಮ್ಮನಿಗೆ ಹೇಳುವರು, ಮಗ ಅಪ್ಪನಿಗೆ ಹೇಳಬೇಕಾದದ್ದನ್ನು ಅಜ್ಜಿಗೆ ಹೇಳುವನು. ಅಜ್ಜಿಗೆ ಕಿವಿ ಮಂದ, ಅರ್ಧ ಮಾತು ದಾರಿಯಲ್ಲೇ ಬಿದ್ದುಹೋಗುತ್ತಿತ್ತು. ಕೊಳಾಯಿಯಲ್ಲಿ ನೀರು ಬರದ ದಿನ ಕೊಡ ಹೊರುವುದು ಯಾರೆಂಬುದಕ್ಕೂ ಜಗಳ. ಯಾವ ಜಗಳ ಎಲ್ಲಿ ಶುರುವಾದರೂ ಬಸ್‌ಸ್ಟ್ಯಾಂಡ್ ಪಕ್ಕದ ಆ ಆಫೀಸಿಗೇ ಹೋಗಿ ನಿಲ್ಲುತ್ತಿತ್ತು. ದುಡ್ಡಿನ ಪ್ರಶ್ನೆಯೇ ಅಲ್ಲ, ವೆಂಕಟಸ್ವಾಮಿ ಕೇಳುವುದು ಒಂದು ರವಿಕೆ ಹೊಲಿಸುವ ಕೂಲಿಯಷ್ಟು. ಪ್ರಶ್ನೆ ಮೇಷ್ಟ್ರದು. ಆ ಮನುಷ್ಯನಿಗೆ ಉಳಿದಿದ್ದದ್ದು ಒಂದು ಪೆನ್ನು. ಅದರಿಂದ ಸ್ವಂತ ಮಗಳಿಗೆ ಏನೂ ಆಗಲಿಲ್ಲವೆಂದು ಯಾರು ಹೇಳಬೇಕು?

ಒಂದು ಮಧ್ಯಾಹ್ನ ರಾಧಮ್ಮ ಮಗಳ ಎದುರು ಕೂತು ಅವರೆ ಸುಲಿಯುತ್ತ ಕೇಳಿದಳು. “ಎಲ್ರೂ ಕೂಗಾಡಿದ್ದಾಯ್ತು. ನೀನು ಬಾಯೇ ಬಿಡ್ಲಿಲ್ಲ. ನಿಂಗೇನು ಬೇಕು?”

“ಕೆಲ್ಸ ಸಿಗೋದು ಬಿಡೋದು ಆಮೇಲಿನ ಮಾತಮ್ಮ,” ಅಲಮೇಲು ಕಾಳಿನ ಮೇಲಿಂದ ಕಣ್ಣೆತ್ತಲಿಲ್ಲ. “ಭಾನುವಾರ ಬಂದ್ರೆ ಭಯ ಆಯ್ತದೆ. ಅದೊಂದು ನಿಂತ್ರೆ ಸಾಕು.”

ಇಷ್ಟು ದಿನ ಆ ಕಾಗದಗಳ ಮೂಲೆಗಳಿಗೆಲ್ಲ ಅರಿಶಿನ ಹಚ್ಚಿದವಳು ತಾನು. ಹಚ್ಚುವಾಗ ಒಂದು ಸಲವಾದರೂ ಮಗಳ ಮುಖ ನೋಡಿದ್ದೆನೇ ಎಂದು ರಾಧಮ್ಮ ಕೇಳಿಕೊಂಡಳು. ನೋಡಿರಲಿಲ್ಲ. ಇಂಗ್ಲಿಷಿನಲ್ಲಿ ಓದಿದ್ದನ್ನು ಕೇಳಿ, ಎಷ್ಟು ಚೆನ್ನಾಗಿ ಓದುತ್ತಾರೆ ಎಂದು ಗಂಡನ ಮುಖವನ್ನೇ ನೋಡುತ್ತಿದ್ದಳು.

ಆವತ್ತು ಕಾಫಿ ಕೊಡುವಾಗ ಗಂಡನಿಗೆ ಹೇಳಿಯೇಬಿಟ್ಟಳು. “ನಾಳೆ ನಾನೂ ಅಲಮೇಲೂನೂ ಬಸ್‌ಸ್ಟ್ಯಾಂಡ್ ಕಡೆ ಹೋಗಿ ಬತ್ತೀವಿ. ಕದ್ದು ಮುಚ್ಚಿ ಹೋಗೋದು ಬೇಡ ಅಂತ ಹೇಳ್ತಾ ಇದೀನಿ.”

ಮೇಷ್ಟ್ರು ಲೋಟ ಕೆಳಗಿಟ್ಟರು. ಬೀದಿಯ ಕಡೆ ತಿರುಗಿದರು. ಎದುರಿಗೆ ಕಾರ್ಖಾನೆಯವರಿಗೆಂದು ಯಾರೋ ಬಾಡಿಗೆ ಮನೆಗಳನ್ನು ಸಾಲಾಗಿ ಕಟ್ಟಿಸುತ್ತಿದ್ದರು.

“ಬಿಸ್ಲೇರೋಕ್ಮುಂಚೆ ಹೋಗಿ,” ಅಂದರು. “ಅವ್ಳಿಗೆ ಆಯಾಸ ಆಯ್ತದೆ.”

ವೆಂಕಟಸ್ವಾಮಿಯ ಆಫೀಸೆಂದರೆ ಒಂದು ಸೈಕಲ್ ಅಂಗಡಿಯ ಪಕ್ಕದ ಕೋಣೆ, ಒಂದು ಟೈಪ್‌ರೈಟರು, ಎರಡು ಮಡಚುವ ಕುರ್ಚಿ. ನುಣ್ಣಗೆ ತಲೆ ಬಾಚಿದ, ಬಿಳಿ ಅರ್ಧತೋಳಿನ ಅಂಗಿಯ ಮನುಷ್ಯ. “ವಾಂಗಮ್ಮ, ಕೂತ್ಕೊಳ್ಳಿ,” ಎಂದು ತಮಿಳು ಕನ್ನಡ ಬೆರೆಸಿಯೇ ಶುರುಮಾಡಿದ. ಮೇಷ್ಟ್ರ ಮಗಳೆಂದು ತಿಳಿದಾಗ ಅರೆಗಳಿಗೆ ಅವನಿಗೂ ಮುಜುಗರವಾಯಿತು. “ಸಾರ್ ನನ್ ತಮ್ಮಂಗೆ ಪಾಠ ಹೇಳವ್ರೆ,” ಅಂದ. ಆಮೇಲೆ ಕೆಲಸಕ್ಕೆ ಇಳಿದ.

“ನಿಂಗೆ ಏನೇನು ಬತ್ತದಮ್ಮ?”

ಅಲಮೇಲು ತಾಯಿಯ ಮುಖ ನೋಡಿದಳು.

“ಅಮ್ಮನ್ನಲ್ಲ ಕೇಳಿದ್ದು. ನೀನು ಹೇಳು. ಟೈಪಿಂಗ್ ಗೊತ್ತಾಯ್ತು. ಇನ್ನೇನು ಮಾಡ್ತೀಯ ದಿನಾ?”

ಮೊದಮೊದಲು ಮಾತು ಹೊರಡಲಿಲ್ಲ, ಆಮೇಲೆ ನಿಲ್ಲಲಿಲ್ಲ. ಪಕ್ಕದ ಬೀದಿಗೆ ಹೊಸದಾಗಿ ಬಂದ ತಮಿಳು ಹೆಂಗಸರಿಗೆ ಬ್ಯಾಂಕಿನ ಚಲನ್ ತುಂಬಿಕೊಡುತ್ತಾಳೆ. ತೆಲುಗಿನಲ್ಲೂ ಓದುತ್ತಾಳೆ, ಬೀದಿಯ ಮಕ್ಕಳ ಪುಸ್ತಕ ನೋಡಿ ಕಲಿತದ್ದು. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮಾಸ್ತರು ರಜಾ ಹಾಕಿದರೆ ಹುಡುಗಿಯರಿಗೆ ಇವಳೇ ಪಾಠ ಹೇಳುತ್ತಾಳೆ, ಕೆಟ್ಟ ಮಿಶಿನ್ನು ಬಿಚ್ಚಿ ಸರಿಮಾಡುತ್ತಾಳೆ. ಪಕ್ಕದಲ್ಲಿ ಕೂತ ರಾಧಮ್ಮನಿಗೆ ಇದು ಯಾರ ಮನೆಯ ಹುಡುಗಿಯೋ ಅನ್ನಿಸಿತು. ಇಷ್ಟೆಲ್ಲ ತನಗೆ ಗೊತ್ತೇ ಇರಲಿಲ್ಲ. ಗೊತ್ತಾಗಲು ಯಾರಾದರೂ ಕೇಳಬೇಕಿತ್ತು.

ಬರೆದುಕೊಂಡು ಮುಗಿಸಿ ವೆಂಕಟಸ್ವಾಮಿ ಪೆನ್ನಿನ ತುದಿಯಿಂದ ಕೆನ್ನೆ ತುರಿಸಿಕೊಂಡ. “ಕಾಲಿನ ವಿಷ್ಯ ನಾನಾಗಿ ಬರೆಯಲ್ಲ. ಬರೀಬೇಕು ಅಂದ್ರೆ ಬರೀತೀನಿ. ಏನ್ ಮಾಡೋಣ?”

ಅಲಮೇಲು ಬಾಯಿ ತೆರೆಯುವಷ್ಟರಲ್ಲಿ ರಾಧಮ್ಮ ಅಂದುಬಿಟ್ಟಳು, “ಬೇಡ. ಬರೀಬೇಡಿ.”

ಟೈಪಾದ ಹಾಳೆ ಒಂದೇ ಪುಟ. ಅದನ್ನು ಕವರಿಗೆ ಹಾಕುತ್ತ ಅವನು ಎಚ್ಚರಿಸಿದ, “ಇದಕ್ಕೆ ಅರಿಶಿನ ಕುಂಕುಮ ಏನೂ ಹಚ್ಚಬೇಡೀಮ್ಮ. ಕಲೆ ಇದ್ರೆ ಅವ್ರು ಪಕ್ಕಕ್ಕಿಟ್ಬಿಡ್ತಾರೆ.”

ಮನೆಗೆ ಬಂದಾಗ ಮೇಷ್ಟ್ರು ಕೈ ನೀಡಿದರು. ನಿಂತೇ ಓದಿದರು. ತಪ್ಪು ಹುಡುಕುತ್ತಾರೆಂದು ರಾಧಮ್ಮ ಕಾದಳು. ಅವರ ಕಣ್ಣು ಕೊನೆಯ ಸಾಲಿನವರೆಗೆ ಹೋಗಿ ಮತ್ತೆ ಮೇಲಕ್ಕೆ ಬಂತು.

“ನಿಂಗೆ ತೆಲುಗು ಓದಕ್ಕೆ ಬತ್ತದಾ?” ಎಂದು ಮಗಳನ್ನು ಕೇಳಿದರು.

“ಬತ್ತದಪ್ಪ.”

“ಚೆನ್ನಾಗಿ ಬರ್ದಿದಾನೆ,” ಎಂದು ಹಾಳೆ ಹಿಂದಕ್ಕೆ ಕೊಟ್ಟು ಹಿತ್ತಲಿಗೆ ಹೋದರು. ಆ ಭಾನುವಾರ ಊಟವಾದ ಮೇಲೆ ಏನು ಮಾಡಬೇಕೆಂದು ತೋಚದೆ ನಡುಮನೆಯಲ್ಲೇ ಚಾಪೆ ಹಾಸಿಕೊಂಡು ಮಲಗಿದರು.

ಒಂದೆರಡು ವಾರಕ್ಕೆ ಕಾರ್ಖಾನೆಯೊಂದರಿಂದ ಇಂಟರ್‌ವ್ಯೂಗೆ ಕರೆ ಬಂತು. ಆ ಮನೆಗೆ ಬಂದ ಮೊದಲ ಕರೆ. ಗೋಪಿ ತಂಗಿಯ ತಲೆ ಮೊಟಕಿ ನಕ್ಕ. ಮೊದಲು ಬೇಡವೆಂದಿದ್ದ ಚೆಲುವಮ್ಮನೇ ತಮ್ಮ ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದುಕೊಟ್ಟು, “ಇದು ಉದ್ದಾನೂ ಇದೆ, ಅಗ್ಲಾನೂ ಇದೆ, ಕಾಲು ಮುಚ್ತದೆ” ಅಂದರು. ರಾಧಮ್ಮ ಶ್ಯಾವಿಗೆ ಪಾಯಸ ಮಾಡಿದಳು. ಮೇಷ್ಟ್ರು ಎರಡು ಸಲ ಹಾಕಿಸಿಕೊಂಡು ಉಂಡರು. ರಾಧಮ್ಮನ ಕಣ್ಣಲ್ಲಿ ನೀರು ಬಂತು, ತಮ್ಮ ಅರ್ಜಿಗೆ ಬಾರದ ಕರೆ ಇನ್ನೊಬ್ಬನದಕ್ಕೆ ಬಂದ ನೋವನ್ನು ನುಂಗುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು.

“ನಾನೂ ಬರ್ಲಾ ಜೊತೇಲಿ?” ಎಂದು ಮಗಳನ್ನು ಕೇಳಿದರು.

“ಬೇಡಪ್ಪ. ಅಮ್ಮ ಬತ್ತಾರೆ.”

“ಅದೇ, ಅಮ್ಮ ಇದ್ರೆ ಸಾಕು,” ಅಂದರು ಮೇಷ್ಟ್ರು.

ಕಾರ್ಖಾನೆಯ ಗೇಟಿನಲ್ಲಿ ರಾಧಮ್ಮನನ್ನು ಕಾವಲುಗಾರ ತನ್ನ ಕಲ್ಲುಬೆಂಚಿನ ಮೇಲೆ ಕೂರಿಸಿದ. ಆಫೀಸು ಮೇಲಿತ್ತು. ಶೆಡ್ಡಿನ ಹೊರಗೋಡೆಗೆ ಅಂಟಿಕೊಂಡಂತೆ ಕಬ್ಬಿಣದ ಮೆಟ್ಟಿಲು, ಮೇಲೆ ಗಾಜಿನ ಬಾಗಿಲು. ಹಸಿರು ಸೀರೆ ಉಟ್ಟ ಅಲಮೇಲು ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಸರ್ಟಿಫಿಕೇಟಿನ ಚೀಲವನ್ನೂ ಮೊಣಕಾಲನ್ನೂ ಒಟ್ಟಿಗೆ ಹಿಡಿದು ಹತ್ತಿದಳು. ಒಂದೊಂದು ಮೆಟ್ಟಿಲಿಗೂ ಎಡಗಾಲನ್ನು ಎತ್ತಿಡಬೇಕಿತ್ತು. ಕೆಳಗೆ ಕೆಲಸಗಾರರು ಕೈಯಲ್ಲಿದ್ದದ್ದನ್ನು ಬಿಟ್ಟು ನೋಡಿದರು. ಗಾಜಿನ ಬಾಗಿಲು ತೆರೆದು ಒಬ್ಬ ಸಾಹೇಬರು ಹೊರಬಂದು, ಅವಳು ಪೂರ್ತಿ ಹತ್ತುವವರೆಗೂ ಬಾಗಿಲನ್ನು ಹಿಡಿದುಕೊಂಡೇ ನಿಂತರು. ಆ ಮನುಷ್ಯ ಬಾಗಿಲು ಹಿಡಿದು ನಿಂತ ರೀತಿ ನೋಡಿಯೇ ಕೆಲಸ ಸಿಗುವುದಿಲ್ಲವೆಂದು ರಾಧಮ್ಮನಿಗೆ ಗೊತ್ತಾಗಿಹೋಯಿತು.

ಅಲಮೇಲು ಇಳಿದು ಬಂದಾಗ ಜೊತೆಯಲ್ಲಿ ಒಬ್ಬ ಪ್ಯೂನ್ ಇದ್ದ. ಕಾರ್ಖಾನೆಯ ಜೀಪಿನಲ್ಲೇ ಬಸ್ಸಿನವರೆಗೆ ಬಿಟ್ಟುಬರುವಂತೆ ಸಾಹೇಬರು ಹೇಳಿದ್ದರಂತೆ.

“ಏನಂದ್ರೇ?” ಬಸ್ಸಿನಲ್ಲಿ ಕೂತ ಮೇಲೆ ಕೇಳಿದಳು ರಾಧಮ್ಮ.

“ಟೈಪ್ ಮಾಡ್ಸಿದ್ರು. ಒಂದೂ ತಪ್ಪು ಬರ್ಲಿಲ್ಲ. ಬಂದಿರೋರಲ್ಲಿ ನೀನೇ ಚೆನ್ನಾಗಿ ಮಾಡಿದೀಯ ಅಂದ್ರು. ಕಾಫಿ ಕೊಟ್ರು.” ಅವಳು ಕಿಟಕಿಯ ಕಡೆ ತಿರುಗಿದಳು. “ಟೈಪಿಸ್ಟು ದಿನಕ್ಕೆ ಎಷ್ಟೋ ಸಲ ಕೆಳಗಿಳಿದು ಶೆಡ್ಡಿಂದ ಕಾಗದ ತರ್ಬೇಕಂತೆ. ಮೊದ್ಲೇ ತಿಳಿಸಿದ್ರೆ ಇಷ್ಟು ದೂರ ಬರೋ ಕಷ್ಟ ತಪ್ತಿತ್ತಲ್ಲಮ್ಮ ಅಂದ್ರು. ಒಳ್ಳೇವ್ರಮ್ಮ. ಬೈದಿದ್ರೆ ವಾಸಿ ಇತ್ತು.”

ರಾಧಮ್ಮ ಮಗಳ ಕೈ ಹಿಡಿದುಕೊಂಡಳು. ಬೇಡ, ಬರೀಬೇಡಿ ಎಂದವಳು ತಾನು. ಇನ್ನು ಆ ಮಾತನ್ನು ಹಿಂದಕ್ಕೆ ತಗೊಳ್ಳುವುದು ಹೇಗೆ?

ಮನೆಯಲ್ಲಿ ಯಾರೂ ಕೇಳುವ ಮೊದಲೇ ರಾಧಮ್ಮ ನಡೆದದ್ದನ್ನು ಹೇಳಿದಳು. ಊಟಕ್ಕೆ ಕೂತಾಗ ಚೆಲುವಮ್ಮ ತಡೆಯಲಾರದೆ ಶುರುಮಾಡಿದರು. “ನಮ್ ದ್ವಾರಕಿ ಬರಿಯೋ ಥರ ಮೊದ್ಲೇ ಬರ್ದಿದ್ರೆ ಈ ಅವಮಾನ...”

“ಅಮ್ಮ, ಸುಮ್ನೆ ಊಟ ಮಾಡು,” ಅಂದರು ಮೇಷ್ಟ್ರು. ತಾಯಿಗೆ ಅವರು ಹಾಗೆ ಗದರಿದ್ದು ಮಕ್ಕಳು ಎಂದೂ ಕೇಳಿರಲಿಲ್ಲ.

ಗೋಪಿ ತಟ್ಟೆಯನ್ನೇ ನೋಡುತ್ತ, “ಎಲ್ಲಾ ನನ್ನಿಂದಾನೇ ಆಗಿದ್ದು” ಅಂದ.

“ನಿನ್ನಿಂದಲ್ಲ ಕಣೋ. ಅವ್ರು ಇವ್ಳನ್ನ ಕರೆದ್ರಲ್ಲ, ಅದು ನಿನ್ನಿಂದಾಗಿದ್ದು.” ಮೇಷ್ಟ್ರು ಮಗನೊಡನೆ ನೇರವಾಗಿ ಮಾತಾಡಿ ಎಷ್ಟೋ ವಾರಗಳಾಗಿದ್ದವು. “ಇಷ್ಟು ದಿನ ನನ್ ಕಾಗದ ಇವ್ಳನ್ನ ಗೇಟಿನ ತನಕಾನೂ ಕರ್ಕೊಂಡು ಹೋಗಿರ್ಲಿಲ್ಲ.”

ಆಮೇಲೆ ಮೇಷ್ಟ್ರಿಗೆ ಅರ್ಜಿಯಲ್ಲಿ ಉತ್ಸಾಹ ಉಳಿಯಲಿಲ್ಲ. ಬೇರಿಕೆಯಿಂದ ಯಾರೋ ಬಂದರೆ ಮೈ ಸರಿಯಿಲ್ಲವೆಂದು ಕಳಿಸುವರು. ತಿಮ್ಮರಾಯಪ್ಪನೇ ಒಂದು ದಿನ ಅವರೆಕಾಯಿ ಹೊತ್ತು ಬಂದ. ಆನೆಗಳು ಮತ್ತೆ ಹೊಲಕ್ಕಿಳಿದಿದ್ದವು. “ಇನ್ಮೇಲೆ ವೆಂಕಟಸ್ವಾಮಿ ಹತ್ರ ಬರೆಸಪ್ಪ,” ಅಂದರು ಮೇಷ್ಟ್ರು. ಅವನು ಅರ್ಥವಾಗದೆ ಅವರೆಕಾಯಿ ಇಟ್ಟು ಹೋದ. ಬೀದಿಯ ಎದುರು ಬಾಡಿಗೆ ಮನೆಗಳ ತಾರಸಿ ಮುಗಿದು, ಹೊಸ ಹೊಸ ಸಂಸಾರಗಳು ಬಂದು ಸೇರಿಕೊಂಡವು. ಅಲಮೇಲು ಆ ಹೆಂಗಸರಿಗೂ ಚಲನ್ ತುಂಬಿಕೊಡುತ್ತಿದ್ದಳು. ಮೆಟ್ಟಿಲು ಹತ್ತಿದ ದಿನದಿಂದ ಕಾಲು ನೋಯುತ್ತಿತ್ತು. ರಾಧಮ್ಮ ದಿನಾ ಹರಳೆಣ್ಣೆ ಬಿಸಿಮಾಡಿ ತಿಕ್ಕುತ್ತಿದ್ದಳು.

ಅವರೆಯ ಕಾಲ ಮುಗಿಯುವ ಹೊತ್ತಿಗೆ ಪತ್ರಿಕೆಯಲ್ಲಿ ಇನ್ನೊಂದು ಜಾಹೀರಾತು ಬಂತು. ಒಂದು ಗೋದಾಮಿಗೆ ಟೈಪಿಸ್ಟ್ ಬೇಕು. ಗೋಪಿ ಅದನ್ನು ತಂದು ಅಪ್ಪನ ಕನ್ನಡಕದ ಕೆಳಗಿಟ್ಟು ಕೆಲಸಕ್ಕೆ ಹೋದ.

ಭಾನುವಾರ ಊಟವಾದ ಮೇಲೆ ಮೇಷ್ಟ್ರು ಬಿಳಿಹಾಳೆ ತೆಗೆದರು, ಪೆನ್ನಿಗೆ ಮಸಿ ತುಂಬಿದರು. “ಬಾಮ್ಮ,” ಎಂದು ಮಗಳನ್ನು ಕರೆದು ಎದುರಿಗೆ ಕೂರಿಸಿಕೊಂಡರು. “ನಿಂಗೆ ಏನೇನು ಬತ್ತದೆ, ಎಲ್ಲಾ ಹೇಳು. ಒಂದೂ ಬಿಡ್ಬೇಡ.”

ಅವಳು ಹೇಳಿದಳು. ಅವರು ಬರೆದುಕೊಂಡರು. ತಡವಾಗಿಯಾದರೂ ಕೇಳಿದರಲ್ಲ ಎಂದು ರಾಧಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗೊತ್ತಿಕೊಂಡಳು. ಬರೆದದ್ದನ್ನು ಓದುತ್ತೇನೆಂದು ಮೇಷ್ಟ್ರು ಓದಿದರು. ಟೈಪಿಂಗ್ ಬಂತು, ನಾಲ್ಕು ಭಾಷೆ ಬಂತು, ಇನ್‌ಸ್ಟಿಟ್ಯೂಟಿನ ಪಾಠ ಬಂತು, ಮಿಶಿನ್ ಸರಿಮಾಡುವುದೂ ಬಂತು. ಆ ವಾಕ್ಯ ಬರಲೇ ಇಲ್ಲ. ಜನ್ಮದಲ್ಲಿ ಮೊದಲ ಸಲ ಮೇಷ್ಟ್ರು ಕೊರತೆಯಿಲ್ಲದ ಅರ್ಜಿ ಬರೆದಿದ್ದರು.

ಅಲಮೇಲು ಮೊರ ಹತ್ತಿರಕ್ಕೆ ಎಳೆದುಕೊಂಡಿರಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತಿದ್ದಳು.

“ಅಪ್ಪ, ಕಾಲಿನ ವಿಷ್ಯ ಬಿಟ್ಬಿಟ್ರಿ.”

“ಬೇಡಮ್ಮ. ಅದು ಬೇಡ ಇನ್ಮೇಲೆ.”

“ಬರೀರಿ. ಮೊದ್ಲೇ ಬರೀರಿ, ಯಾವಾಗ್ಲೂ ಬರೀತಿದ್ರಲ್ಲ ಹಂಗೆ.”

“ಯಾಕಮ್ಮ?”

“ಮೆಟ್ಲು ಹತ್ತಿ ಹೋಗಿ, ಅವ್ರು ನನ್ ನೋಡಿ ಬೇಡ ಅನ್ನೋದು ಇನ್ನೊಂದ್ಸಲ ನನ್ ಕೈಲಾಗಲ್ಲಪ್ಪ. ಮನೇಲಿ ಕೂತೇ ಬೇಡ ಅನ್ನಿಸ್ಕೊಳ್ತೀನಿ.”

ಮೇಷ್ಟ್ರು ಹೊಸ ಹಾಳೆ ತೆಗೆದುಕೊಂಡರು. ಪೆನ್ನು ಹಿಡಿದರು, ಬರೆಯಲಾಗಲಿಲ್ಲ. ಹೈಸ್ಕೂಲಿನಲ್ಲಿ ಅಷ್ಟೊಂದು ಮಕ್ಕಳಿಗೆ ಡಿಕ್ಟೇಷನ್ ಕೊಟ್ಟ ಮನುಷ್ಯನಿಗೆ ಒಂದು ವಾಕ್ಯ ತೋಚದೆ ಹೋಯಿತು.

“ಬರ್ಕೊಳ್ಳಿ ಅಪ್ಪ,” ಅಂದಳು ಅಲಮೇಲು. “ಐ ಬೆಗ್ ಟು ಸ್ಟೇಟ್... ಅಟ್ ದಿ ಔಟ್‌ಸೆಟ್...”

ಮೇಷ್ಟ್ರು ಓದುವಾಗ ಎಲ್ಲೆಲ್ಲಿ ನಿಲ್ಲಿಸುತ್ತಿದ್ದರೋ ಅಲ್ಲಲ್ಲೇ ನಿಲ್ಲಿಸಿ ಹೇಳಿದಳು. ಅವರು ಬಗ್ಗಿ ಬರೆದರು. ಇಂಗ್ಲಿಷ್ ಬಾರದ ರಾಧಮ್ಮನಿಗೂ ಮುಂದಿನ ಪದ ಯಾವುದೆಂದು ಗೊತ್ತಿತ್ತು. ‘ಲೆಫ್ಟ್ ಲೆಗ್’ ಎಂಬಲ್ಲಿ ಪೆನ್ನು ನಿಂತಿತು. ಅಲಮೇಲು ಕಾದಳು. ಆಮೇಲೆ, ಹಿಂದುಳಿದ ಹುಡುಗರಿಗೆ ಮೇಷ್ಟ್ರು ಹೇಳುತ್ತಿದ್ದ ಹಾಗೆ, ಮೆಲ್ಲಗೆ ಅದನ್ನೇ ಇನ್ನೊಂದು ಸಲ ಹೇಳಿದಳು. ಅವರು ಬರೆದರು, ಕೆಳಗೆ ಮೊದಲ ಹಾಳೆಯಲ್ಲಿದ್ದುದನ್ನೆಲ್ಲ ಇಳಿಸಿದರು.

ರಾಧಮ್ಮ ಅಡಿಗೆಮನೆಗೆ ಹೋಗಿ ಬೆರಳಿಗೆ ಅರಿಶಿನ ಅದ್ದಿಕೊಂಡು ಬಂದು, ಈ ಸಲ ಮಗಳ ಮುಖ ನೋಡಿಕೊಂಡೇ ನಾಲ್ಕು ಮೂಲೆಗೂ ಮುಟ್ಟಿಸಿದಳು. ಅಲಮೇಲು ತಲೆ ತಗ್ಗಿಸಿರಲಿಲ್ಲ. ಆ ಭಾನುವಾರ ಮೇಷ್ಟ್ರು ಆ ಅರ್ಜಿಯನ್ನು ಓದಿ ಅರ್ಥ ಹೇಳಲಿಲ್ಲ. ಮನೆಯವರಿಗೆಲ್ಲ ಆ ಮೊದಲ ವಾಕ್ಯ ಬಾಯಿಪಾಠವಾಗಿತ್ತು.